ಎತ್ತಬೇಕೋ, ಎತ್ತು ಬೇಕೋ?

ಲಾರಿಗೆ ದೊಡ್ಡ ಟೈರು ಹಾಕುವ ಗ್ಯಾರೇಜಿನಲ್ಲಿ ನಗೆಗೆ ಎಂದೂ ಬರವಿಲ್ಲ. ನಾನು ಅದನ್ನು ಶುರು ಮಾಡಿದಾಗ ಮೊದಲು ನಕ್ಕವರು ದುಂಡಸಿಯ ನಮ್ಮ ಭಾವ, ಗಂಡನ ಅಣ್ಣ. "ನಟ್ಟು ಬಿಚ್ಚೂ ಪಾನಾ ಹಿಡಿಯೂ ಕೈ ಅಲ್ಲ ನಿಂದು, ಹಿಟ್ಟು ನಾದೂ ಕೈ. ಯುಗಾದಿ ತನಕ ನೋಡತೇನಿ. ಆಮ್ಯಾಲೆ ಶೆಡ್ಡಿನ್ಯಾಗ ನನ್ನ ಜ್ವಾಳದ ಚೀಲ ಒಟ್ಟತೇನಿ." ಶಿಗ್ಗಾವಿಯ ಶೆಡ್ಡಿನಲ್ಲಿ ಅವರಿಗೂ ಪಾಲಿತ್ತು. ಗಂಡ ಲಾರಿ ಓಡಿಸಿಕೊಂಡು ಊರೂರು ತಿರುಗುವವರು. ಶೆಡ್ಡು ಉಳಿಸಿಕೊಳ್ಳುವ ಹೊಣೆ ನನ್ನ ಮೇಲೆ ಬಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತಿದು. ಎರೆಮಣ್ಣಿನ ದಾರಿಯಲ್ಲಿ ಲಾರಿಗಳ ಹೊಟ್ಟೆ ನೆಲಕ್ಕೆ ತಾಗುತ್ತಿತ್ತು. ಟೈರು ದೊಡ್ಡದಾದರೆ ಲಾರಿಯ ಮೈಗೆ ಉಜ್ಜುತ್ತದೆ. ಅದಕ್ಕೇ ಭಾರ ಹೊರುವ ಸ್ಪ್ರಿಂಗಿನ ಕಮಾನಿಗೆ ಇನ್ನೊಂದು ಪಾಟಾ, ಅಂದರೆ ಕಬ್ಬಿಣದ ಪಟ್ಟಿ, ಸೇರಿಸಿ, ಕೆಳಗೆ ಕಬ್ಬಿಣದ ದಿಮ್ಮಿ ಕೊಟ್ಟು, ಲಾರಿಯನ್ನೇ ಎತ್ತರಿಸಬೇಕು. ಈಗ ಅದಕ್ಕೆ ಲಿಫ್ಟ್ ಕಿಟ್ ಎನ್ನುತ್ತಾರಂತೆ. ನಾನು ಕಮ್ಮಾರನ ಕೆಲಸ ನೋಡಿ ನೋಡಿ ಕಲಿತೆ. ಅಕ್ಷರ ಕಲಿತದ್ದೂ ಹಾಗೇ, ಲಾರಿಗಳ ಹಿಂದಿನ ಬರಹ ಓದಿ.

ಎತ್ತು

ಮೊದಲ ಗಿರಾಕಿ ಹತ್ತಿಮತ್ತೂರಿನ ಗೌಡರು. ಬಸ್ಸಿನ ಕಂಡಕ್ಟರನ ಬಾಯಲ್ಲಿ ಹೇಳಿಕಳಿಸಿದೆ: "ಸೋಮವಾರ ಲಾರಿ ಕಳಸ್ರಿ, ಎತ್ತಬೇಕು."

ಸೋಮವಾರ ಲಾರಿ ಬಂತು. ಮಧ್ಯಾಹ್ನದ ಹೊತ್ತಿಗೆ ಗೌಡರೂ ಬಂದರು, ಜೋಡೆತ್ತು ಹೊಡೆದುಕೊಂಡು.

"ಎತ್ತು ಯಾಕ್ರಿ ಗೌಡ್ರ?"

"ನೀವ ಎತ್ತು ಬೇಕು ಅಂದ್ರಂತಲ್ರಿ! ಎಂಜಿನ್ ಇದ್ದ ಲಾರಿಗೆ ಎತ್ತು ಯಾಕಂತ ನಾನೂ ಹಾದಿ ತುಂಬ ವಿಚಾರ ಮಾಡೇನಿ."

ಬಿಡಿಸಿ ಹೇಳಿದೆ. ಗೌಡರು ತಲೆ ಕೆರೆದುಕೊಂಡರು. "ಇರ್ಲಿ ಬಿಡ್ರಿ. ಬಂದಾವು ಅಂದ ಮ್ಯಾಲೆ ಇವಕ್ಕೂ ಹೊಸಾ ಲಾಳ ಹೊಡದು ಕಳಸ್ರಿ."

ಹಣೆ

ಹಿರೇಕೆರೂರಿನ ಲಾರಿ ಎತ್ತರವಾದ ಮೇಲೆ ಮಾಲೀಕರು ಪೂಜೆಗೆ ಸವಣೂರಿನ ಆಚಾರ್ಯರನ್ನು ಕರೆಸಿದರು. ಆಚಾರ್ಯರು ಗಿಡ್ಡ. ತುದಿಗಾಲಲ್ಲಿ ನಿಂತರೂ ಕುಂಕುಮದ ಕೈ ಮೇಲೆ ಮುಟ್ಟಲಿಲ್ಲ.

"ಏನಮ್ಮಾ, ಇದರ ಹಣಿ ಎಲ್ಲಿ ಅದ?"

"ಮ್ಯಾಲೈತ್ರಿ ಆಚಾರ್ರ. ಸ್ಟೂಲ್ ತರಲೇನ್ರಿ?"

"ಬ್ಯಾಡ. ನನಗ ನಮಸ್ಕಾರ ಮಾಡ್ಲಿಕ್ಕೆ ಹೇಳು ಅದಕ್ಕ. ಬಗ್ಗಿದಾಗ ಹಚ್ಚತೇನಿ."

ಒಳಗಿನಿಂದ ಡ್ರೈವರ್ ಕೂಗಿದ: "ಜೋರಾಗಿ ಬಂದು ಬ್ರೇಕ್ ಹೊಡದ್ರ ಬಗ್ಗತೈತ್ರಿ! ಎದುರಿಗೆ ನಿಂದರ್ರಿ!"

ಆಚಾರ್ಯರು ಟೈರಿಗೇ ಕುಂಕುಮ ಹಚ್ಚಿ ಪೂಜೆ ಮುಗಿಸಿದರು.

ಬಾಗಿಲು

ಯುಗಾದಿ ಹತ್ತಿರ ಬಂತು. ಹಾನಗಲ್ಲಿನ ಲಾರಿಯೊಂದನ್ನು ಶೆಡ್ಡಿನೊಳಗೇ ಎತ್ತರಿಸಿದೆ. ಹೊರಗೆ ತೆಗೆಯಲು ಹೋದರೆ ಬಾಗಿಲ ಮೇಲಿನ ತೊಲೆಗೆ ತಾಗಿತು! ಒಳಗೆ ಬರುವಾಗಿನ ಎತ್ತರವನ್ನಷ್ಟೇ ನಾನು ನೋಡಿದ್ದೆ. ಅದೇ ಹೊತ್ತಿಗೆ ಭಾವ ಎತ್ತಿನ ಚಕ್ಕಡಿಗಳಲ್ಲಿ ಜೋಳದ ಚೀಲ ಹೇರಿಕೊಂಡು, ಹಮಾಲರನ್ನು ಕಟ್ಟಿಕೊಂಡು ಬಂದರು.

"ಏನವಾ, ಲಾರಿ ಕಟ್ಟಿ ಹಾಕಿ ಮೇವು ಹಾಕಾಕತ್ತಿಯೇನು? ಇದನ್ನ ಹೊರಗ ತೆಗಿ, ಇಲ್ಲಂದ್ರ ಶೆಡ್ಡು ಬಿಡು."

"ತೆಗಿತೇನ್ರಿ ಭಾವಾರ. ನೆಲದ ಮ್ಯಾಲೆ ಎಣ್ಣಿ ಚೆಲ್ಲೈತಿ. ಸದ್ಯ ಚೀಲ ಲಾರಿಯೊಳಗ ಒಟ್ಟಿಸ್ರಿ."

ಜೋಳ ಕೆಡಬಾರದೆಂದು ಒಪ್ಪಿದರು. ಚೀಲ ಏರಿದಂತೆಲ್ಲ ಕಮಾನು ಕುಗ್ಗಿತು, ಲಾರಿ ಕೆಳಗೆ ಕೂತಿತು. ಡ್ರೈವರನಿಗೆ ಕಣ್ಸನ್ನೆ ಮಾಡಿದೆ. ಲಾರಿ ತೊಲೆಯ ಕೆಳಗೆ ನುಸುಳಿ ಹೊರಬಿದ್ದು ದುಂಡಸಿಯ ದಾರಿ ಹಿಡಿಯಿತು.

ಭಾವ ಧೋತರ ಎತ್ತಿಕೊಂಡು ಓಡಿದರು. "ಏ, ನನ್ನ ಜ್ವಾಳ! ಎಲ್ಲಿಗೆ ಹೊಂಟೈತಿ?"

"ನಿಮ್ಮ ಮನಿಗೇರಿ ಭಾವಾರ! ಲಗೂನ ಹತ್ರಿ, ಇಲ್ಲಂದ್ರ ನಿಮಗಿಂತ ಮೊದಲ ಮುಟ್ಟತೈತಿ!"

ಹತ್ತಿದರು. ಅವರೂರ ಹಳ್ಳದ ಉಸುಕಿನಲ್ಲಿ ಚಕ್ಕಡಿಗಳು ಯಾವಾಗಲೂ ಹೂಳುತ್ತಿದ್ದವು. ಲಾರಿ ನಿಲ್ಲದೆ ದಾಟಿತು. ಯುಗಾದಿ ಮುಗಿದ ಮೇಲೆ ಭಾವ ಮತ್ತೆ ಬಂದರು. ಶೆಡ್ಡಿನ ಮಾತು ಎತ್ತಲಿಲ್ಲ. ಮೆಲ್ಲಗೆ ಕೇಳಿದರು: "ಯವ್ವಾ, ಚಕ್ಕಡಿಗೆ ಇಂಥಾ ಗಾಲಿ ಕೂಡತಾವೇನು?"

ಆಮೇಲೆ ಭಾವನ ಪಾಲನ್ನೂ ಕೊಂಡೆ, ಈಗ ಇಡೀ ಶೆಡ್ಡು ನನ್ನದು. ಎತ್ತರದ ಲಾರಿ ಎರಡು ಇವೆ, ಬಾಗಿಲೂ ಎತ್ತರವಾಗಿದೆ. ಇದಕ್ಕೆಲ್ಲ ಮೊದಲ ಬಂಡವಾಳವಾಗಿ ಹೋದದ್ದು ಅವ್ವ ನನ್ನ ಕೈಗೆ ಹಾಕಿದ ಬಂಗಾರದ ಪಾಟ್ಲಿಗಳು. ಗ್ಯಾರೇಜು ಶುರು ಮಾಡುವಾಗ ಅವನ್ನು ಮಾರಿ ಕಬ್ಬಿಣದ ಪಾಟಾ ಕೊಂಡಿದ್ದೆ.