ತಾಯಂದಿರ ದೋಣಿ ಪರೀಕ್ಷೆ

ಯುವಕ ಮಂಡಲದ ಅಧ್ಯಕ್ಷ ಜಯಪ್ರಕಾಶನಿಗೆ ಇಡೀ ವೇಣೂರಿನಲ್ಲಿ ಒಬ್ಬರ ಹೆದರಿಕೆ ಮಾತ್ರ ಇತ್ತು. ಅವರನ್ನು ಅವನು ಮದುವೆಯಾಗಿದ್ದ.

ಮೋಹಿನಿ ಅಂಗನವಾಡಿ ಟೀಚರು. ಮಂಡಲದ ಹುಡುಗರಿಗೆಲ್ಲ ಮೀಸೆ ಬಂದಿದ್ದರೂ ಅವರ ತಾಯಂದಿರು ಈಗಲೂ ಯಾವುದಕ್ಕೂ, "ಟೀಚರ್ ಏನು ಹೇಳ್ತಾರೆ?" ಎಂದು ಕೇಳುವವರು. ಹಾಗಾಗಿ ಫಲ್ಗುಣಿ ಹೊಳೆಯಲ್ಲಿ ದೋಣಿವಿಹಾರವೆಂಬ ಅವನ ಮಹತ್ಕಾರ್ಯ ಹೊಳೆಗಿಂತ ಮೊದಲು ಅಡುಗೆಕೋಣೆಯನ್ನು ದಾಟಬೇಕಾಗಿತ್ತು. ಇದಾದರೂ ನಡೆಯಲೇಬೇಕಿತ್ತು. ಅಧ್ಯಕ್ಷನಾದ ಮೇಲಿನ ಅವನ ಏಕೈಕ ಸಾಧನೆ ಬಸ್‌ಸ್ಟ್ಯಾಂಡಿನ ಹುಲ್ಲು ತೆಗೆಸಿದ್ದು. (ಅದು ಮತ್ತೆ ಬೆಳೆದಿತ್ತು.)

"ದೋಣಿ ಯಾರದ್ದು?" ಎಂದು ಕೇಳಿದಳು ಮೋಹಿನಿ.

"ಧರ್ಣಪ್ಪಣ್ಣನದ್ದು. ಹೊಳೆಯಡಿಯ ಹೊಯ್ಗೆ ತೆಗೆದು ಸಾಗಿಸುವ ದೋಣಿ. ತೊಳೆದು ಕೊಡ್ತಾರಂತೆ."

"ನಿಮಗೆ ಈಜಲಿಕ್ಕೆ ಬರ್ತದಾ?"

"ಇಲ್ಲ. ಆದರೆ ಲೈಫ್ ಜಾಕೆಟ್ ಉಂಟು. ಎಸ್‌.ಟಿ.ಡಿ. ಬೂತಿನಿಂದ ಮಂಗಳೂರಿಗೆ ಫೋನು ಮಾಡಿ ತರಿಸಿದ್ದೇನೆ."

"ಜಾಕೆಟಿಗೆ ಈಜಲಿಕ್ಕೆ ಬರ್ತದಾ?"

"ಅದು ತೇಲ್ತದೆ ಮಾರಾಯ್ತಿ!"

"ತೇಲಿ ಎಲ್ಲಿಗೆ ಹೋಗ್ತದೆ?"

ಜಯಪ್ರಕಾಶನಿಗೆ ಅರಬ್ಬೀ ಸಮುದ್ರ ನೆನಪಾಯಿತು.

ಕೊನೆಗೆ ಅವನಿಗೊಂದು ಉಪಾಯ ಹೊಳೆಯಿತು. ಮೊದಲು ತಾಯಂದಿರೇ ದೋಣಿಯಲ್ಲಿ ಕುಳಿತು ನೋಡಲಿ. ಧೈರ್ಯ ಬಂದರೆ ಮರುವಾರ ಹುಡುಗರು.

ಭಾನುವಾರ ಮೋಹಿನಿಯ ಜೊತೆ ತಾಯಂದಿರು ಹೊಳೆಬದಿಗೆ ಬಂದರು. ಮಂಡಲದ ಹುಡುಗ ಸಿನಾನನ ಉಮ್ಮ ಸಫಿಯಮ್ಮ ದೊಡ್ಡ ಪಾತ್ರೆ ತುಂಬ ತಿಂಡಿ ತಂದಿದ್ದರು. "ಮಕ್ಕಳ ಜೊತೆ ತಿಂಡಿಯೂ ಹೋಗ್ತದಲ್ಲ ಟೀಚರೆ? ಆ ಭಾರವನ್ನೂ ನೋಡುವ."

ಸೀರೆಯ ಮೇಲೆ ಜಾಕೆಟ್ ಬಿಗಿದು ಎಲ್ಲರೂ ಶಿಸ್ತಾಗಿ ಕುಳಿತರು. ಧರ್ಣಪ್ಪ ಬಿದಿರಿನ ಗಳ ಊರಿ ದೋಣಿ ಹೊರಡಿಸಿದ. ಒಂದು ಸುತ್ತಿನಲ್ಲಿ ಏನೂ ಗೊತ್ತಾಗುವುದಿಲ್ಲವೆಂದು ಸಫಿಯಮ್ಮ ಎರಡನೆಯದಕ್ಕೆ ಹೇಳಿದರು. ಮೂರನೆಯ ಸುತ್ತಿನಲ್ಲಿ ತಿಂಡಿಯ ಭಾರವನ್ನು ಕಡಿಮೆ ಮಾಡಿ ಪರೀಕ್ಷಿಸಲಾಯಿತು. ದಡದಲ್ಲಿದ್ದ ಹುಡುಗರು ಈ ಪರೀಕ್ಷೆಯನ್ನು ಬಹಳ ಬೇಸರದಿಂದ ನೋಡಿದರು.

ಸೀಟಿ ಊದುತ್ತ ದಡದುದ್ದಕ್ಕೂ ಓಡುತ್ತಿದ್ದ ಜಯಪ್ರಕಾಶ, "ಯಾರೂ ಅಂಚಿಗೆ ಬರಬೇಡಿ!" ಎಂದು ಕೂಗಿ, ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲಿಟ್ಟು ಹೊಳೆಗೆ ಬಿದ್ದ. ನೀರು ಸೊಂಟದಷ್ಟೇ ಇತ್ತು. ಆದರೆ ಅದನ್ನು ತಿಳಿಯಲು ಎದ್ದು ನಿಲ್ಲಬೇಕಿತ್ತು. ಆ ವಿಚಾರ ಅವನಿಗೆ ಹೊಳೆಯಲಿಲ್ಲ. ಹುಡುಗರು ಅವನೇ ಕಲಿಸಿದ್ದಂತೆ, ಯಾರೂ ನೀರಿಗೆ ಹಾರದೆ, ಹಗ್ಗ ಎಸೆದು ಅವನನ್ನು ಮೇಲಕ್ಕೆಳೆದರು.

ದೋಣಿ ದಡಕ್ಕೆ ಬಂತು. ಪ್ರವಾಸ ಮುಳುಗಿತೆಂದೇ ಅವನು ತಲೆ ತಗ್ಗಿಸಿದ.

"ಹುಡುಗರನ್ನು ಕಳಿಸಬಹುದು," ಎಂದಳು ಮೋಹಿನಿ. "ಬಿದ್ದವರನ್ನು ಎತ್ತಲಿಕ್ಕೆ ಅವರಿಗೆ ಬರ್ತದೆ. ನಾವೆಲ್ಲ ಕಣ್ಣಾರೆ ನೋಡಿದೆವು."

ಜಯಪ್ರಕಾಶನಿಗೆ ಜೀವ ಬಂತು. "ಹಾಗಾದರೆ ಬರುವ ಭಾನುವಾರ ಹೋಗುವ!"

"ಅವರು ಹೋಗಲಿ. ನೀವು ಬೇಡ."

"ನಾನು ಅಧ್ಯಕ್ಷ ಅಲ್ವಾ?"

ಸಫಿಯಮ್ಮ ಮೆಲ್ಲಗೆ ಹೇಳಿದರು: "ನೆಲದ ಮೇಲಿದ್ದೂ ಬೀಳ್ತೀರಿ ಮಗಾ. ದೋಣಿಯಲ್ಲಿ ನಿಮ್ಮನ್ನು ಯಾರು ನೋಡಿಕೊಳ್ಳುವುದು?"

ಮರುವಾರ ದೋಣಿವಿಹಾರ ಸಾಂಗವಾಗಿ ನಡೆಯಿತು. ಸೀಟಿ ಮೋಹಿನಿಯ ಕೊರಳಲ್ಲಿತ್ತು. ಅಧ್ಯಕ್ಷರು ಹೊಳೆಯಿಂದ ಸಾಕಷ್ಟು ದೂರ, ಮಾವಿನ ಮರದಡಿ ಕುಳಿತು ಎಲ್ಲರ ಚಪ್ಪಲಿ ಕಾದರು. ವಾರ್ಷಿಕ ವರದಿಯನ್ನು ಅವರೇ ಬರೆದರು: ಕಾರ್ಯಕ್ರಮದಲ್ಲಿ ಯಾವುದೇ ಅವಘಡ ಸಂಭವಿಸಲಿಲ್ಲ, ಚಪ್ಪಲಿಗಳೂ ಎಲ್ಲ ಉಳಿದಿವೆ.