ಮೈಕು ಒಲ್ಲದ ಅತ್ತೆ

ನಮ್ಮ ಸೋದರತ್ತೆಯ ಗಂಟಲು ನಮ್ಮ ಕುಟುಂಬದ ಆಸ್ತಿ ಎಂದು ಬಹಳ ಜನ ತಿಳಿದಿದ್ದಾರೆ. ತಪ್ಪು. ಕುಟುಂಬವೇ ಆ ಗಂಟಲಿನ ಆಸ್ತಿ! ಅದಕ್ಕೆ ನೆಗಡಿಯಾದರೆ ಅವಳ ಮನೆಯಲ್ಲಷ್ಟೇ ಅಲ್ಲ, ಪಕ್ಕದ ನಮ್ಮ ಮನೆಯಲ್ಲೂ ಮೊಸರು ಬಂದ್.

ರಾಮನಗರದಿಂದ ಮಾಗಡಿ, ಕನಕಪುರದ ತನಕ ಪೌರಾಣಿಕ ನಾಟಕ ಆಡುವ ಊರುಗಳಲ್ಲೆಲ್ಲ ರಾಣಿಯ ಪಾತ್ರಕ್ಕೆ ಇವಳೇ ಬೇಕು. ಶುರುವಾದದ್ದು ಕೂಟಗಲ್‌ನಲ್ಲಿ, ಲಂಗದಾವಣಿಯ ವಯಸ್ಸಿನಲ್ಲಿ. ರಾಣಿಯಾಗಬೇಕಿದ್ದ ಕಲಾವಿದೆಗೆ ಬಸ್ಸು ತಪ್ಪಿತ್ತು. ರಾಜ "ದೇವೀ" ಎಂದು ಕರೆದ, ದೇವಿಯ ಪತ್ತೆಯಿಲ್ಲ. ಹೆಂಗಸರ ನಡುವೆ ಕಡಲೆಕಾಯಿ ಬಿಡಿಸುತ್ತಿದ್ದ ಅತ್ತೆ ಕೂತಲ್ಲಿಂದಲೇ ರಾಣಿಯ ಹಾಡು ಎತ್ತಿಕೊಂಡಳು. ಅವಳು ತಾರಸ್ಥಾಯಿ ಮುಟ್ಟಿದಾಗ ರಾಜನಿಗೆ ತನ್ನ ಮಾತೇ ಮರೆತುಹೋಯಿತು. ನಮ್ಮ ತಾತ ಎದ್ದು ಬಂದರು. ಇವಳ ಕಥೆ ಮುಗಿಯಿತು ಎಂದುಕೊಂಡರು ಜನ. ತಾತ ಮಗಳ ಕೈಹಿಡಿದು ರಂಗಕ್ಕೆ ಹತ್ತಿಸಿ, "ಹಾಡೋದಾದ್ರೆ ನೆಟ್ಗೆ ನಿಂತ್ಕೊಂಡು ಹಾಡವ್ವ" ಎಂದರಂತೆ.

ಗುಡೇಮಾರನಹಳ್ಳಿಯಲ್ಲಿ ಮೈಕಿನವನು ಅವಳೆದುರು ಮೈಕು ತಂದಿಟ್ಟ.

"ಇದ್ಯಾಕಪ್ಪ?"

"ಹಿಂದ್ಗಡೆಯವ್ರಿಗೆ ಕೇಳಿಸ್ಬೇಕಲ್ಲಕ್ಕ."

"ಯಾವ ಹಿಂದ್ಗಡೆ? ಈ ಊರಿಂದೋ, ಪಕ್ಕದ ಊರಿಂದೋ?"

ಮೈಕು ಹೋಯಿತು. ಹಾಡು ಮುಗಿದಾಗ ಪಕ್ಕದ ಊರಿನಿಂದಲೂ ಚಪ್ಪಾಳೆ ಕೇಳಿಸಿತು ಎನ್ನುತ್ತಾಳೆ ಅತ್ತೆ. ನಾನು ನಂಬುತ್ತೇನೆ. ನಂಬದವರಿಗೆ ಅವಳ ಮನೆಯಲ್ಲಿ ಊಟವಿಲ್ಲ.

ನಾಟಕದ ದಿನ ಬೆಳಗಿನಿಂದಲೇ ಮೌನ, ಎಲ್ಲವೂ ಕೈಸನ್ನೆ. ಒಮ್ಮೆ ಎರಡು ಬೆರಳು ತೋರಿಸಿದ್ದಕ್ಕೆ ಮಾವ ಎರಡು ದಪ್ಪ ಮುದ್ದೆ ಬಡಿಸಿದರು. ಅವಳು ಕೇಳಿದ್ದು ಎರಡು ಮೆಣಸಿನ ಕಾಳು! ಬೈಯಬೇಕೆಂದರೆ ಮೌನ ಮುರಿಯಬೇಕಲ್ಲ? ಎರಡನ್ನೂ ಉಂಡಳು. ಅಂದಿನ ನಾಟಕದಲ್ಲಿ ರಾಣಿ ಸಿಂಹಾಸನ ಬಿಟ್ಟು ಏಳಲೇ ಇಲ್ಲ.

ಹೋದ ವರ್ಷ ಅವಳ ಕತ್ತಿನಲ್ಲಿ ಗಂಟು ಕಾಣಿಸಿ, ಆಪರೇಷನ್ ಆಯಿತು. ಜೀವಕ್ಕೇನೂ ಭಯವಿಲ್ಲ, ಆದರೆ ಮೇಲಿನ ಸ್ವರ ವಾಪಸು ಬರುವುದು ಅನುಮಾನ ಎಂದರು ಡಾಕ್ಟರು. ಗಾಯ ಮಾಯಿತು. ಮಾತಾಡಬಹುದು ಎಂದೂ ಹೇಳಿದರು. ಅತ್ತೆ ಬಾಯಿ ಬಿಡಲಿಲ್ಲ. ಈ ಸಲದ ಮೌನದಲ್ಲಿ ಕೈಸನ್ನೆಯೂ ಇರಲಿಲ್ಲ. ಕಿಟಕಿಯತ್ತ ಮುಖ ಮಾಡಿ ಕೂತಿರುತ್ತಿದ್ದಳು. ಮಾವ ಅವಳ ಮುಂದೆ ತಟ್ಟೆ ಇಡುವುದು, ಹಾಗೇ ಎತ್ತಿಕೊಂಡು ಹೋಗುವುದು.

ಒಂದು ಬೆಳಿಗ್ಗೆ ಚನ್ನಪಟ್ಟಣದಿಂದ ಹಾರ್ಮೋನಿಯಂ ಮೇಷ್ಟ್ರು ಬಂದರು. ಹಗಲು ಬೊಂಬೆಗಳಿಗೆ ಬಣ್ಣ ಹಾಕುವ ಸಾಬರು. ಅತ್ತೆಯ ಹಾಡಿಗೆ ಮೊದಲಿನಿಂದಲೂ ನುಡಿಸಿದವರು. ಆರೋಗ್ಯ ವಿಚಾರಿಸಲಿಲ್ಲ, ಸಮಾಧಾನ ಹೇಳಲಿಲ್ಲ. ಪೆಟ್ಟಿಗೆ ತೆರೆದು, ಎಂದಿಗಿಂತ ಬಹಳ ಕೆಳಗಿನ ಶ್ರುತಿ ಹಿಡಿದರು. ಅತ್ತೆ ತಿರುಗಿ ನೋಡಿದಳು.

"ನಂಗೆ ವಯಸ್ಸಾಯ್ತು ಕಣಮ್ಮ," ಎಂದರು ಮೇಷ್ಟ್ರು. "ಮೇಲ್ಗಡೆ ಶ್ರುತಿಗೆ ಬೆರಳೇ ಓಡಾಕಿಲ್ಲ. ನೀನೇ ಒಸಿ ನನ್ ಜೊತೆ ಕೆಳಿಕ್ಕೆ ಇಳ್ಕೊಂಡ್ ಬಾ."

ಅವರ ಬೆರಳಿಗೆ ಏನೂ ಆಗಿರಲಿಲ್ಲ. ಅದು ಅತ್ತೆಗೂ ಗೊತ್ತಿತ್ತು. ಬಹಳ ಹೊತ್ತು ಆ ಬೆರಳುಗಳನ್ನೇ ನೋಡಿದಳು. ಆಮೇಲೆ, ನಮಗೆ ಯಾರಿಗೂ ಗುರುತು ಸಿಗದ ಒಡಕು ದನಿಯಲ್ಲಿ, "ಪಾಪ, ನೀವೊಬ್ರೇ ಹೆಂಗ್ ಇಳೀತೀರಿ ಮೇಷ್ಟ್ರೇ" ಎಂದು, ಮೆಲ್ಲಗೆ ಸ್ವರ ಹಿಡಿದಳು.