ಚುಕ್ಕೆ ಇದ್ದವರನ್ನು ಎಬ್ಬಿಸಬಾರದು

ಮೊದಲಿಗೇ ಕ್ಷಮೆ ಕೇಳುತ್ತೇನೆ. ನನಗೆ ಪ್ರಸಂಗ ಹೇಳಲು ಬರುವುದಿಲ್ಲ. ನಾನು ಹೇಳತೊಡಗಿದರೆ ನಗುವ ಜಾಗ ಬರುವಷ್ಟರಲ್ಲಿ ಕೇಳುವವರು ಎದ್ದು ಕೈ ತೊಳೆಯಲು ಹೋಗಿರುತ್ತಾರೆ ಎಂದು ಹೆಂಡತಿ ಹೇಳುತ್ತಾಳೆ. ಖರೆ ಇರಬಹುದು. ಆದರೆ ನಮ್ಮ ಕಚೇರಿಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಡೆದಾಗಲೆಲ್ಲ ನನ್ನ ಎದೆ ಡವಡವ ಎನ್ನುತ್ತದೆ, ಉಳಿದವರು ಹೊಟ್ಟೆ ಹಿಡಿದು ನಗುತ್ತಾರೆ. ಬರೆದರೆ ನನಗೂ ಒಂದಿಷ್ಟು ನಗು ಬಂದೀತು ಎಂದು ಬರೆಯುತ್ತಿದ್ದೇನೆ.

ಶುರು ಮಾಡುವ ಮೊದಲು ಸ್ವಲ್ಪ ವಿವರಿಸಬೇಕು. ಬೇಸರ ಮಾಡಿಕೊಳ್ಳಬೇಡಿ, ಇದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನಾನು ಇಳಕಲ್ಲಿನಲ್ಲಿ ಸೀರೆ ಮಾರುವ ಒಂದು ಸಂಘದ ಕಂಪ್ಯೂಟರ್ ನೋಡಿಕೊಳ್ಳುವವನು. ಸಂಘಕ್ಕೆ ಹುನಗುಂದ, ಬದಾಮಿ, ಬಾಗಲಕೋಟೆಯಲ್ಲಿ ಅಂಗಡಿಗಳಿವೆ. ಎಲ್ಲರೂ ಬಿಲ್ಲು ಮಾಡುವುದು ಇಳಕಲ್ಲಿನ ಒಂದೇ ದೊಡ್ಡ ಕಂಪ್ಯೂಟರಿನಲ್ಲಿ. ಅವರವರ ಅಂಗಡಿಯಲ್ಲಿ ಕುಳಿತು ಹೆಸರು, ಪಾಸ್‌ವರ್ಡ್ ಕೊಟ್ಟು ಇದರ ಒಳಗೆ ಬರಬೇಕು. ಕೆಲಸ ಮುಗಿದ ಮೇಲೆ ಹೊರಗೆ ಹೋಗಬೇಕು. ಹಳೆಯ ವ್ಯವಸ್ಥೆ; ಕಪ್ಪು ಪರದೆ, ಬಿಳಿ ಅಕ್ಷರ. ಒಂದು ಸಲಕ್ಕೆ ಆರು ಜನರಿಗೆ ಮಾತ್ರ ಜಾಗ. ಏಳನೆಯವರು ಬಂದರೆ ‘ಜಾಗವಿಲ್ಲ’ ಎನ್ನುತ್ತದೆ.

ತೊಂದರೆ ಏನೆಂದರೆ ಒಳಗೆ ಬಂದವರು ಯಾರೂ ಹೊರಗೆ ಹೋಗುವುದಿಲ್ಲ. ಹುನಗುಂದದ ಬಸ್ಸಿಗೆ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುತ್ತಾರಲ್ಲ, ಹಾಗೆ. ಮನುಷ್ಯ ಕೆಳಗೆ ಚಹಾ ಕುಡಿಯುತ್ತಿರುತ್ತಾನೆ, ಟವೆಲ್ ಸೀಟಿನ ಮೇಲೆ ಕುಳಿತಿರುತ್ತದೆ. ಆ ಟವೆಲ್‌ಗಳನ್ನು ತೆಗೆಯುವ ಕಂಡಕ್ಟರ್ ನಾನು. ದೊಡ್ಡ ಕಂಪ್ಯೂಟರಿನ ಖೋಲಿಯಲ್ಲಿ ನಿಂತು who -u ಎಂದು ಬರೆದರೆ ಒಳಗಿರುವವರ ಹೆಸರು ಸಾಲಾಗಿ ಬರುತ್ತವೆ. ಹೆಸರಿನ ಮುಂದೆ ಚುಕ್ಕೆ ಇದ್ದರೆ ಆ ಮನುಷ್ಯ ಈಗ, ಈ ನಿಮಿಷದಲ್ಲಿ ಕೀಲಿ ಒತ್ತುತ್ತಿದ್ದಾನೆ ಎಂದರ್ಥ. ಚುಕ್ಕೆಯ ಬದಲು ಹೊತ್ತು ತೋರಿಸಿದರೆ ಅಷ್ಟು ಹೊತ್ತಿನಿಂದ ಸುಮ್ಮನಿದ್ದಾನೆ. ಇನ್ನೊಂದು ಆಜ್ಞೆ ಕೊಟ್ಟರೆ ಅವನು ಹೊರಗೆ. ಆದರೆ ಅರ್ಧ ಬರೆದ ಬಿಲ್ಲು ಇದ್ದರೆ ಅದೂ ಅವನ ಜೊತೆಗೇ ಹೋಗಿಬಿಡುತ್ತದೆ.

ಆ ಖೋಲಿಯಲ್ಲಿ ನಿಂತಾಗ ನನಗೆ ಸೀಟು ಬೇಕಿಲ್ಲ, ಕಂಡಕ್ಟರನಂತೆ. ಆದರೆ ಅಲ್ಲಿ ಕುರ್ಚಿ ಇಲ್ಲ, ಯಂತ್ರಕ್ಕೆಂದು ಇಟ್ಟ ಎ.ಸಿ.ಯ ಥಂಡಿಗೆ ನನಗೆ ನೆಗಡಿಯಾಗುತ್ತದೆ. ಇದನ್ನು ಯಾಕೆ ಹೇಳಿದೆನೆಂದು ಮುಂದೆ ತಿಳಿಯುತ್ತದೆ.

ಇನ್ನೊಂದು ಮಾತು. ನನ್ನ ಮೇಲೆ ಈಗಾಗಲೇ ಎರಡು ದೂರು ಬಂದಿವೆ. ಮ್ಯಾನೇಜರ್ ಸಾಹೇಬರು ಕರೆದು ಹೇಳಿದ್ದಾರೆ: “ಮೂರನೇದು ಬಂತಂದ್ರ ಕಂಪ್ಯೂಟರ್ ಬಿಡಿಸಿ ಗೋದಾಮಿನ್ಯಾಗ ಸೀರಿ ಮಡಚಾಕ ಹಚ್ಚತೇನಿ ನೋಡು.” ನನಗೆ ಕರ್ಚೀಫು ಕೂಡ ನೆಟ್ಟಗೆ ಮಡಚಲು ಬರುವುದಿಲ್ಲ. ಬದಾಮಿಯಲ್ಲಿರುವ ಮಾವನವರು ಬೇರೆ ಓಣಿಗೆಲ್ಲ ‘ನಮ್ಮ ಅಳಿಯಾ ಕಂಪ್ಯೂಟರ್ ಸಾಹೇಬ’ ಎಂದು ಹೇಳಿಕೊಂಡಿದ್ದಾರೆ.

ಒಂದು: ಕತ್ತರಿ

ಮೊದಲ ದೂರು ನಮ್ಮ ಕಚೇರಿಯಲ್ಲೇ ಹುಟ್ಟಿತು. ಇಲ್ಲಿ ಬೇರೆ ಊರಿನ ಬೇಡಿಕೆಗಳನ್ನು ಬರೆದುಕೊಳ್ಳುವ ಅಕ್ಕಾವರೊಬ್ಬರಿದ್ದಾರೆ. ನೇಕಾರರ ಮನೆಯವರು, ಅವರ ಅತ್ತೆ ಇವತ್ತಿಗೂ ಮಗ್ಗದಲ್ಲಿ ಕೂಡುತ್ತಾರೆ. ಅಕ್ಕಾವರು ಊಟಕ್ಕೆ ಹೋಗುವಾಗಲೂ ಹೊರಬರುವುದಿಲ್ಲ, ಸಂಜೆ ಮನೆಗೆ ಹೋಗುವಾಗಲೂ ಹೊರಬರುವುದಿಲ್ಲ.

“ಅಕ್ಕಾರ, ಏಳೋ ಮುಂದ ಹೊರಗ ಬಂದು ಏಳ್ರಿ,” ಎಂದೆ.

“ಅದ್ಯಾಕ್ರಿ? ಸಂಜಿಮುಂದ ಮಗ್ಗ ಬಿಟ್ಟು ಏಳೋರು ಹಾಸು ಕತ್ತರಿಸಿ ಏಳ್ತಾರೇನು? ಅರ್ಧಕ್ಕ ಬಿಟ್ಟಿದ್ದು ಹಂಗ ಇರತೈತಿ, ಮುಂಜಾನಿ ಬಂದು ಅಲ್ಲಿಂದನ ಸುರು ಮಾಡೂದು.”

(ಹಾಸು ಎಂದರೆ ಮಗ್ಗದ ಮೇಲೆ ಉದ್ದಕ್ಕೆ ಹಾಯಿಸಿದ ನೂಲು. ಒಂದು ಹಾಸು ಮುಗಿದರೂ ತುದಿಯನ್ನು ಪೂರ್ತಿ ತೆಗೆಯುವುದಿಲ್ಲ, ಹೊಸ ಹಾಸನ್ನು ಅದರ ತುದಿಗೇ ಎಳೆಗೆ ಎಳೆ ಸೇರಿಸಿ ಹುರಿ ಮಾಡುತ್ತಾರೆ. ಅಂದರೆ ಆ ಮನೆಗಳಲ್ಲಿ ಅಜ್ಜಿ ಹಾಕಿದ ಎಳೆಗೆ ಮೊಮ್ಮಗಳು ಎಳೆ ಸೇರಿಸಿರುತ್ತಾಳೆ. ಅಂಥವರಿಗೆ ‘ದಿನಾ ಪೂರ್ತಿ ಮುಗಿಸಿ ಏಳಿ’ ಎನ್ನುವುದು ಹೇಗೆ?)

ಆದರೆ ಒಂದು ಮಧ್ಯಾಹ್ನ ಬಾಗಲಕೋಟೆಯ ಅಂಗಡಿಗೆ ಜಾಗವಿಲ್ಲದೆ ಒದ್ದಾಟವಾಯಿತು. ಅಕ್ಕಾವರು ಊಟಕ್ಕೆ ಹೋಗಿದ್ದರು, ಹೆಸರಿನ ಮುಂದೆ ಚುಕ್ಕೆ ಇರಲಿಲ್ಲ. ಅವರನ್ನು ಹೊರಗೆ ಹಾಕಿದೆ. ಮುಂಜಾನೆಯಿಂದ ಬರೆದ ಒಂದು ಉದ್ದನೆಯ ಬೇಡಿಕೆ ಹೋಯಿತು.

ಅಕ್ಕಾವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಸೀದಾ ನನ್ನ ಟೇಬಲ್ಲಿಗೆ ಬಂದು ಒಂದು ದೊಡ್ಡ ಕತ್ತರಿ ಇಟ್ಟರು.

“ಇದೇನ್ರಿ ಅಕ್ಕಾರ?”

“ತಗೋರಿ. ಹಂಗ ನಮ್ಮನಿಗೂ ಹೋಗಿ ನಮ್ಮತ್ತಿ ಮಗ್ಗದ ಮ್ಯಾಲಿಂದೂ ಕತ್ತರಿಸಿ ಬಂದ್ಬಿಡ್ರಿ. ಅದೊಂದು ಯಾಕ ಉಳೀಬೇಕು?”

ಎರಡು: ಬಿಲ್ಲಿನಲ್ಲಿ ಒಂದು ಹೊಸ ಮಾಲು

ಅಂದಿನಿಂದ ಹೇಳದೆ ಕೇಳದೆ ಯಾರನ್ನೂ ಎಬ್ಬಿಸಬಾರದು ಎಂದು ನಿಶ್ಚಯಿಸಿದೆ. ಒಳಗಿರುವವರ ಪರದೆಯ ಮೇಲೆ ಇಲ್ಲಿಂದಲೇ ಒಂದು ಸಂದೇಶ ಮೂಡಿಸಬಹುದು. ‘ಹೊರಗೆ ಬನ್ನಿ’ ಎಂದಷ್ಟೇ ಬರೆದರೆ ಸಾಕು. ಆದರೆ ನನಗೆ ಹೆದರಿಕೆ. ಸೊಕ್ಕು ಎಂದುಕೊಂಡರೆ? ಅದಕ್ಕೆ ನಮಸ್ಕಾರದಿಂದ ಶುರು ಮಾಡಿ, ಜಾಗ ಆರೇ ಯಾಕೆ ಎಂದು ತಿಳಿಸಿ, ಕೊನೆಗೆ ‘ತಪ್ಪ ತಿಳ್ಕೋಬ್ಯಾಡ್ರಿ’ ಎಂದು ಬರೆದು ಕಳಿಸತೊಡಗಿದೆ.

ಬದಾಮಿಯ ಅಂಗಡಿಯಲ್ಲಿ ಒಬ್ಬರು ಹಿರಿಯ ಮಾರಾಟಗಾರರಿದ್ದಾರೆ. ಪರದೆಯಲ್ಲಿ ಬಂದದ್ದನ್ನು ಗಿರಾಕಿಗೆ ದೊಡ್ಡ ಧ್ವನಿಯಲ್ಲಿ ಓದಿ ಹೇಳಿ, ಅವರು ಹೂಂ ಎಂದ ಮೇಲೆಯೇ ಬಿಲ್ಲು ಮುಗಿಸುವುದು ಅವರ ಪದ್ಧತಿ. ಒಂದು ದಿನ ಅವರು ಬಹಳ ಹೊತ್ತಿನಿಂದ ಸುಮ್ಮನಿದ್ದಂತೆ ಕಂಡಿತು. ಸಂದೇಶ ಕಳಿಸಿದೆ. ಅವರು ಸುಮ್ಮನಿದ್ದದ್ದು ಒಂದು ಮದುವೆ ಮನೆಯವರಿಗೆ ಸೀರೆ ಬಿಡಿಸಿ ತೋರಿಸುತ್ತಿದ್ದುದರಿಂದ. ಆಗ ತಾನೇ ಬಂದು ಬಿಲ್ಲು ಬರೆಯಲು ಕೈ ಹಾಕಿದ್ದರು. ನನ್ನ ಸಂದೇಶ ಬಿಲ್ಲಿನ ಸಾಲುಗಳ ನಡುವೆ ಮೂಡಿತು; ಅದರ ಮೊದಲ ಸಾಲುಗಳ ಮೇಲೆ ಬಿಲ್ಲು ಕುಳಿತು ಕೊನೆಯ ಸಾಲಷ್ಟೇ ಉಳಿಯಿತು.

ಅವರು ಓದಿದರು: “ರೇಷ್ಮಿ ಸೀರಿ ಎರಡು. ಕಸೂತಿ ಸೀರಿ ಒಂದು. ಕುಬಸದ ಖಣ ಮೂರು. ತಪ್ಪ ತಿಳ್ಕೋಬ್ಯಾಡ್ರಿ...”

ಮದುವೆ ಮನೆಯ ಹಿರಿಯ ಹೆಂಗಸು ತಡೆದರು. “ತಡೀರಿ ತಡೀರಿ. ಸೀರಿ ನೋಡೀವಿ, ಖಣ ನೋಡೀವಿ. ಆ ಕಡೀದು ನೀವು ತೋರಿಸೇ ಇಲ್ಲ. ಅದನ್ನೂ ತಗದು ತೋರಿಸ್ರಿ, ಬಣ್ಣ ಛಲೋ ಇದ್ರ ಅದೂ ಇರ್ಲಿ!”

ಎರಡನೆಯ ದೂರು ಅದೇ ಸಂಜೆ ಬಂತು.

ಮೂರು: ಹುನಗುಂದದ ಕಳ್ಳ

ಆಮೇಲೆ ನಾನೊಂದು ನಿಯಮ ಮಾಡಿಕೊಂಡೆ. ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ: ‘ಚುಕ್ಕೆ ಇದ್ದವರನ್ನು ಎಬ್ಬಿಸಬಾರದು.’ ಚುಕ್ಕೆ ಇಲ್ಲದವರಿಗೂ ಮೊದಲು ಫೋನ್ ಮಾಡಬೇಕು. ಇದರಲ್ಲಿ ತಪ್ಪಾಗಲು ಎಲ್ಲಿದೆ ಎಂದುಕೊಂಡೆ.

ಒಂದು ಸಂಜೆ ಎಲ್ಲ ಅಂಗಡಿ ಮುಚ್ಚಿದ ಮೇಲೆ ನೋಡುತ್ತೇನೆ, ಹುನಗುಂದದ ಕಾಕಾ ಅವರ ಹೆಸರು ಇನ್ನೂ ಇದೆ, ಮುಂದೆ ಚುಕ್ಕೆ. ಸ್ವಲ್ಪ ಬಿಟ್ಟು ನೋಡಿದೆ, ಚುಕ್ಕೆ. ಫೋನ್ ಮಾಡಿದೆ.

“ಕಾಕಾರ, ಇನ್ನೂ ಬಿಲ್ ಮಾಡಾಕತ್ತೀರೇನ್ರಿ?”

“ಇಲ್ಲೋ ತಮ್ಮಾ, ಅಂಗಡಿಗಿ ಕೀಲಿ ಹಾಕಿ ಮನ್ಯಾಗ ರೊಟ್ಟಿ ತಿನ್ನಾಕತ್ತೇನಿ.”

“ಕಾಕಾರ, ನಿಮ್ಮ ಅಂಗಡ್ಯಾಗ ಯಾರೋ ಕುಂತು ಕೀಲಿ ಒತ್ತಾಕತ್ತಾರ್ರಿ. ಈಗ. ನನಗ ಇಲ್ಲಿ ಕಾಣಾಕತ್ತೈತಿ.”

ಆ ಕಡೆ ರೊಟ್ಟಿಯ ತಾಟು ಸರಿದ ಸದ್ದು ಕೇಳಿತು. ಮುಂದಿನದು ಅವರೇ ಆಮೇಲೆ ಹೇಳಿದ್ದು. ಓಣಿಯವರೆಲ್ಲ ಬಡಿಗೆ ಹಿಡಿದು ಹೊರಟರಂತೆ, ಒಬ್ಬರು ಒನಕೆ ತಂದರಂತೆ, ಮೆಲ್ಲಗೆ ಕೀಲಿ ತೆಗೆದರಂತೆ. ನಾನು ಇಲ್ಲಿ ಚುಕ್ಕೆ ನೋಡುತ್ತ ನಿಂತಿದ್ದೆ. ಚುಕ್ಕೆ ಇದೆ. ಇದೆ. ಕಾಕಾ ಅವರಿಗೆ ಏನಾದರೂ ಆದರೆ ಅದನ್ನು ಎಷ್ಟನೆಯ ದೂರು ಎಂದು ಹಿಡಿಯುತ್ತಾರೋ ಎಂದು ಯೋಚಿಸತೊಡಗಿದೆ. ಫೋನ್ ಬಂತು.

“ತಮ್ಮಾ, ಕಳ್ಳ ಸಿಕ್ಕಾನ.”

“ಅಯ್ಯೋ! ಹೆಂಗದಾನ್ರಿ?”

“ಒಂಬತ್ತು ಗಜ ಉದ್ದ ಅದಾನ. ದಾಳಿಂಬ್ರಿ ಬಣ್ಣ, ಕೆಂಪು ಸೆರಗು. ಮಡಚಿ ಇಟ್ಟ ಗಂಟು ಜಾರಿ ಕೀಲಿಗಳ ಮ್ಯಾಲ ಕುಂತೈತಿ. ಏನ್ ಮಾಡೂನು, ಪೊಲೀಸರಿಗಿ ಕೊಡೂನೋ ಇಲ್ಲಾ ಗಿರಾಕಿಗಿ ಕೊಡೂನೋ?”

ಕಾಕಾ ದೊಡ್ಡ ಮನಸ್ಸಿನವರು. ದೂರು ಕೊಡಲಿಲ್ಲ. ಆದರೆ ಈಗಲೂ ದಿನಾ ಕೀಲಿ ಹಾಕಿದ ಮೇಲೆ ಫೋನ್ ಮಾಡಿ, “ನಿನ್ನ ಕಳ್ಳ ಮಲಗ್ಯಾನಿಲ್ಲೋ?” ಎಂದು ಕೇಳುತ್ತಾರೆ.

ನಾಲ್ಕು: ವಿದ್ಯಾಗಿರಿಯ ಬೋಣಿಗೆ

ಇದು ಇವತ್ತಿನದು. ಅಂದರೆ ಇನ್ನೂ ಮುಗಿದಿಲ್ಲ. ಅದಕ್ಕೇ ಹೇಗೆ ಹೇಳಬೇಕೋ ತಿಳಿಯುತ್ತಿಲ್ಲ.

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಇವತ್ತು ಸಂಘದ ಹೊಸ ಅಂಗಡಿಯ ಪೂಜೆ. ಮ್ಯಾನೇಜರ್ ಸಾಹೇಬರು ಅಲ್ಲೇ ಇದ್ದಾರೆ, ಅಧ್ಯಕ್ಷರೂ ಬಂದಿದ್ದಾರೆ. ರಾಹುಕಾಲ ಹತ್ತುವುದರೊಳಗೆ ಅಧ್ಯಕ್ಷರ ಕೈಯಿಂದ ಬೋಣಿಗೆಯ ಬಿಲ್ಲು, ಎಂದರೆ ಮೊದಲ ವ್ಯಾಪಾರದ ಬಿಲ್ಲು ಆಗಬೇಕು. “ಒಂದು ಸೀಟ್ ಖಾಲಿ ಇಟ್ಟಿರು. ಇಲ್ಲಂದ್ರ ಗೋದಾಮು ಗೊತ್ತಲಾ?” ಎಂದು ಸಾಹೇಬರು ನಿನ್ನೆಯೇ ಹೇಳಿದ್ದರು.

ಮುಂಜಾನೆ ಬಂದವನೇ ಖೋಲಿಯಲ್ಲಿ ನಿಂತು ಎಲ್ಲ ಟವೆಲ್ ತೆಗೆದೆ. ಐದು ಜನ ಕೆಲಸಕ್ಕೆ ಬರುವವರು, ಆರನೆಯದು ವಿದ್ಯಾಗಿರಿಗೆ. ಲೆಕ್ಕ ಸರಿಯಾಗಿತ್ತು. ಸೀನು ಬಂತು, ಹೊರಗೆ ಬಂದು ಫ್ಯಾನಿನ ಕೆಳಗೆ ಕುಳಿತೆ. ಸಮಾಧಾನಕ್ಕೆ ಏನಾದರೂ ಮಾಡೋಣ ಎಂದು ಈ ಲೇಖನ ಶುರು ಮಾಡಿದೆ.

ಕತ್ತರಿಯ ಪ್ರಸಂಗ ಮುಗಿಸುವಾಗ ಒಂದು ಸಲ ಫೋನ್ ಬಂತು. ಬಿಲ್ಲಿನದನ್ನು ಬರೆಯುವಾಗ ಇನ್ನೊಂದು ಸಲ. ‘ಜಾಗವಿಲ್ಲ ಅನ್ನಾಕತ್ತೈತಿ’ ಎಂದು ಸಾಹೇಬರು.

“ಯಾರ್ಯಾರು ಕುಂತಾರ ನೋಡಲೇ!”

ನೋಡಿದೆ. ಅಕ್ಕಾವರು, ನಮ್ಮ ದಾಸ್ತಾನು ನೋಡುವವರು, ಹುನಗುಂದದ ಕಾಕಾ, ಬದಾಮಿಯ ಹಿರಿಯರು, ಬಾಗಲಕೋಟೆಯ ಹಳೆ ಅಂಗಡಿ. ಐವರೂ ಕೆಲಸದಲ್ಲಿದ್ದರು. ಕೆಳಗೆ ಆರನೆಯ ಒಂದು ಹೆಸರು. ಅವಸರದಲ್ಲಿ ಹೆಸರು ಓದಲಿಲ್ಲ, ಚುಕ್ಕೆ ಮಾತ್ರ ಕಂಡಿತು.

“ಸಾಹೇಬ್ರ, ಆರೂ ಮಂದಿಗಿ ಚುಕ್ಕಿ ಐತ್ರಿ. ಕಡೀ ಮನಶ್ಯಾ ಅಂತೂ ಮುಂಜಾನಿಂದ ಬೆರಳು ಎತ್ತಿಲ್ಲ. ಭಾಳ ಕೆಲಸದಾವ ಕಾಣಸ್ತಾನ. ಎಬ್ಬಿಸಿದ್ರ ದೂರು ಬರತೈತ್ರಿ.”

“ನೀ ಎಬ್ಬಿಸಲಿಲ್ಲಂದ್ರ ನಾನ ಕೊಡತೇನಿ ದೂರು! ರಾಹುಕಾಲ ಹತ್ತಾಕ ಬಂತು!”

ಈಗ, ಆ ಆರನೆಯವನು ಯಾರು ಎಂದು ಹೇಳುವ ಮೊದಲು ಒಂದು ವಿಷಯ ವಿವರಿಸಬೇಕು. ಈ ಲೇಖನವನ್ನು ನಾನು ಕಾಗದದ ಮೇಲೆ ಬರೆಯುತ್ತಿಲ್ಲ. ಖೋಲಿಯಲ್ಲಿ ಕುರ್ಚಿ ಇಲ್ಲ, ಥಂಡಿ ಬೇರೆ ಎಂದು ಮೊದಲೇ ಹೇಳಿದ್ದೇನಲ್ಲ. ಅದಕ್ಕೆ ಫ್ಯಾನಿನ ಕೆಳಗಿನ ಕಂಪ್ಯೂಟರಿನಿಂದ ಎಲ್ಲರಂತೆ ನನ್ನ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಬಂದು

ಬಾಗಿಲಲ್ಲಿ ಅಕ್ಕಾವರು ನಿಂತಿದ್ದಾರೆ.

“ಸಾಹೇಬ್ರದು ನನ್ನ ಫೋನಿಗಿ ಬಂದೈತ್ರಿ. ಆರನೇದು ಯಾರದು ಅಂತ ನಾ ನೋಡಿ ಹೇಳೇನಿ. ನೀವ ಏಳ್ತೀರೋ, ಕತ್ತರಿ ತರ್ಲೋ?”

ಬಂದೆನ್ರಿ ಅಕ್ಕಾರ, ಎದ್ದೆ. ಓದುಗರೇ, ಬರೆದದ್ದು ಹೋಗಬಾರದೆಂದರೆ ಹೊರಗೆ ಬರುವ ಮೊದಲು ಉಳಿಸಬೇಕು. ಉಳಿಸದೆ ಎದ್ದರೆ ಎಲ್ಲವೂ ಹೋಗುತ್ತದೆ, ಅದನ್ನೂ ಮೊದಲೇ ಹೇಳಿದ್ದೇನೆ. ಉಳಿಸುವುದು ಹೇಗೆಂದರೆ, ಮೊದಲು ಎಡಗೈಯ ಕಿರುಬೆರಳಿನಿಂದ